ಚಲಚ್ಚಿತ್ರ–ಸ್ಥಳ ಸಂಬಂಧ ಮೀಮಾಂಸೆ ಅಥವಾ ‘ಬೆಂಗಳೂರಿಂದ ಕೇವಲ’

ಪ್ರತಿಯೊಂದು ವಿಡಿಯೋಗೂ ಮೂರು ಊರುಗಳಿರುತ್ತವೆ. ಒಂದು ಕಾಯಸ್ಥಾನ, ಅಂದರೆ ತೆಗೆದವನು ನಿಜವಾಗಿ ನಿಂತಿದ್ದ ಜಾಗ. ಎರಡು ಕಡತಸ್ಥಾನ, ಅಂದರೆ ಅವನು ಇಂಥಲ್ಲಿ ನಿಂತಿದ್ದಾನೆಂದು ಮೊಬೈಲು ಬರೆದಿಟ್ಟುಕೊಂಡ ಜಾಗ. ಮೂರು ಘೋಷಿತಸ್ಥಾನ, ಅಂದರೆ ತಾನು ಇಂಥಲ್ಲಿ ನಿಂತಿದ್ದೆನೆಂದು ಅವನು ಲೋಕಕ್ಕೆ ಸಾರಿದ ಜಾಗ. ಈ ಮೂರೂ ಒಂದೇ ಆಗಿದ್ದರೆ ಅಂಥ ವಿಡಿಯೋ ‘ಶುದ್ಧ’ ಎನಿಸಿಕೊಳ್ಳುತ್ತದೆ. ಶುದ್ಧ ವಿಡಿಯೋಗಳನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ನುಜ್ಜುಗುಜ್ಜಾದ ಬಂಪರನ್ನು ಇನ್ಶೂರೆನ್ಸಿನವರಿಗೆ ತೋರಿಸಲು ತೆಗೆದದ್ದು, ಪಕ್ಕದ ಸೈಟಿನವರು ನಮ್ಮ ಕಡೆಗೆ ಒಂದಡಿ ಕಾಂಪೌಂಡು ತಂದಿದ್ದಾರೆಂದು ವಕೀಲರಿಗೆ ಕಳಿಸಿದ್ದು, ಇಂಥವು ಆ ಜಾತಿಗೆ ಸೇರುತ್ತವೆ. ಮಿಕ್ಕಿದ್ದೆಲ್ಲ ಈ ಪ್ರಬಂಧದ ವಸ್ತು.

ಮೊದಲು ವಂಶಾವಳಿ. ಗೂಗಲ್ ಮ್ಯಾಪ್ಸ್ ಬಂದದ್ದು 2005ರ ಫೆಬ್ರವರಿಯಲ್ಲಿ. ಯೂಟ್ಯೂಬಿನ ಮೊಟ್ಟಮೊದಲ ವಿಡಿಯೋ ಏರಿದ್ದು ಅದೇ ಏಪ್ರಿಲಿನಲ್ಲಿ. ವಧೂವರರ ವಯಸ್ಸಿನಲ್ಲಿ ಎರಡೇ ತಿಂಗಳ ಅಂತರ. ಆ ಆದಿವಿಡಿಯೋ ಇರುವುದು 19 ಸೆಕೆಂಡು. ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಂ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಬಹಳ ಉದ್ದ ಎಂಬ ಸಂಗತಿಯನ್ನು ಜಗತ್ತಿಗೆ ತಿಳಿಸುತ್ತಾರೆ. ಶೀರ್ಷಿಕೆಯಲ್ಲಿ ಮೃಗಾಲಯವೆಂದಿದೆ, ಯಾವ ಊರಿನದು ಎಂದಿಲ್ಲ. ಆನೆಗಳೂ ಹೇಳಲಿಲ್ಲ. (ಅದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ.) ಘೋಷಿತಸ್ಥಾನದ ಅರೆಬರೆತನ ಈ ಮಾಧ್ಯಮಕ್ಕೆ ಹುಟ್ಟಿನಿಂದಲೇ ಬಂದದ್ದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯ ಇರಲು ಸಾಧ್ಯವೇ ಇಲ್ಲ. 2006ರಲ್ಲಿ ಗೂಗಲ್ 165 ಕೋಟಿ ಡಾಲರಿಗೆ ಯೂಟ್ಯೂಬನ್ನು ಕೊಂಡು ಮನೆ ತುಂಬಿಸಿಕೊಂಡಿತು. ಮರುವರ್ಷವೇ ಗೂಗಲ್ ಅರ್ತ್‌ನಲ್ಲಿ ಗೋಳ ತಿರುಗಿಸಿ ಒಂದು ಊರಿನ ಮೇಲೆ ಇಳಿದರೆ ಆ ಊರಿನ ವಿಡಿಯೋಗಳು ಕಾಣುವ ಹಾಗಾಯಿತು.

ಇನ್ನು ಕಡತಸ್ಥಾನದ ವಿಚಾರ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಲೊಕೇಶನ್ ಆನ್ ಮಾಡಿಕೊಂಡು ತೆಗೆದ ವಿಡಿಯೋದ ಹೊಟ್ಟೆ ಸೀಳಿ ನೋಡಿದರೆ ಹೆಚ್ಚುಕಮ್ಮಿ ಹೀಗೊಂದು ಸಾಲು ಸಿಗುತ್ತದೆ: +13.3906+075.7217/ ಇಷ್ಟೇ. ಮೊದಲ ಕೂಡು ಚಿಹ್ನೆ ಭೂಮಧ್ಯರೇಖೆಯ ಉತ್ತರಕ್ಕೆ, ಎರಡನೆಯದು ಗ್ರೀನಿಚ್‌ನ ಪೂರ್ವಕ್ಕೆ. ರೇಖಾಂಶ 180ರವರೆಗೆ ಹೋಗುವುದರಿಂದ ಅದಕ್ಕೆ ಮೂರಂಕಿ ಬೇಕು, ಹಾಗಾಗಿ 75ರ ಎಡಕ್ಕೊಂದು ಸೊನ್ನೆ. ದಶಾಂಶದ ನಾಲ್ಕನೆಯ ಮನೆ ಒಂದು ಬದಲಾದರೆ ಅಕ್ಷಾಂಶದಲ್ಲಿ ಸುಮಾರು 11 ಮೀಟರ್ ಸರಿದಂತೆ. ಕೊನೆಯ ಓರೆಗೀಟು ‘ಇತಿ’ ಎಂಬರ್ಥದ್ದು. 1,930 ಮೀಟರ್ ಎತ್ತರ, ಚಳಿ, ಮಂಜು, ಕೊನೆಯ ಮೆಟ್ಟಿಲುಗಳಲ್ಲಿ ಹತ್ತಿದ ಏದುಸಿರು, ಇದ್ಯಾವುದೂ ಆ ಸಾಲಿನಲ್ಲಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹಗಳು ಬಯಲಿನಲ್ಲಿ ನಿಂತವನನ್ನು ಐದಾರು ಮೀಟರಿನೊಳಗೆ ಹಿಡಿದು ಕೊಡುತ್ತವೆ. ಮನುಷ್ಯನ ಬಗ್ಗೆ ಅವಕ್ಕೆ ಅದಕ್ಕಿಂತ ಹೆಚ್ಚಿನ ಕುತೂಹಲವಿಲ್ಲ.

ಇಲ್ಲೊಂದು ತೊಡಕಿದೆ. ಸಾಮಾನ್ಯ ಮೊಬೈಲು ಒಂದು ವಿಡಿಯೋಗೆ ಒಂದೇ ಸ್ಥಾನ ಬರೆಯುತ್ತದೆ. ಸಕಲೇಶಪುರದಲ್ಲಿ ರೈಲು ಹತ್ತಿ ಗುಂಡಿ ಒತ್ತಿದವನು ಸುಬ್ರಹ್ಮಣ್ಯ ರೋಡಿನವರೆಗೆ ಕೈ ಇಳಿಸದೆ ತೆಗೆದರೂ ಕಡತದ ಪ್ರಕಾರ ಇಡೀ ಘಾಟಿ ಸಕಲೇಶಪುರ ಸ್ಟೇಷನ್ನಿನಲ್ಲೇ ನಡೆಯಿತು. ಆ ದಾರಿಯಲ್ಲಿ 57 ಸುರಂಗಗಳು. ಸುರಂಗದೊಳಗೆ ಉಪಗ್ರಹದ ಸಂಕೇತ ಬಾರದು, ಚಿತ್ರವೂ ಕಪ್ಪು. ಬೋಗಿಯವರೆಲ್ಲ ‘ಹೋ’ ಎಂದು ಕಿರುಚುವ ಸದ್ದೊಂದೇ ಉಳಿಯುತ್ತದೆ. ಸ್ಥಳವೂ ಇಲ್ಲದ, ದೃಶ್ಯವೂ ಇಲ್ಲದ ಈ ಅವಸ್ಥೆಯನ್ನು ಕೆಲವರು ತುರೀಯವೆಂದು ಕರೆಯಬಯಸುತ್ತಾರೆ. ನಾನು ಒಪ್ಪುವುದಿಲ್ಲ, ಯಾಕೆಂದರೆ ಅದನ್ನೂ ಜನ ಸ್ಟೇಟಸ್ಸಿಗೆ ಹಾಕುತ್ತಾರೆ. ಚಲಿಸುತ್ತ ಸ್ಥಾನ ಬರೆಯುವ ಕ್ಯಾಮೆರಾಗಳೂ ಉಂಟು. ಗೋಪ್ರೋದವರು 2016ರಲ್ಲಿ ಜಿಪಿಎಸ್ ಹಾಕಿದರು, 2023ರ ಮಾದರಿಯಲ್ಲಿ ತೆಗೆದರು, 2024ರಲ್ಲಿ ಮತ್ತೆ ಹಾಕಿದರು. ಶಾಸ್ತ್ರಕಾರರಿಗೆ ಪರಿಷ್ಕೃತ ಆವೃತ್ತಿ ತರಲು ಇದರಿಂದ ಬಹಳ ಅನುಕೂಲವಾಗಿದೆ.

ಪೂರ್ವಪಕ್ಷಿ ಕೇಳುತ್ತಾನೆ: ಯಂತ್ರಕ್ಕೇ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವಾಗ ಮನುಷ್ಯನ ಘೋಷಣೆ ಯಾಕೆ ಬೇಕು? ಪಾಪ, ಈತನಿಗೆ ಮದುವೆಯಾಗಿಲ್ಲ. ಸಂಜೆ ಏಳಕ್ಕೆ ವಿಡಿಯೋ ಕಾಲ್ ಬರುತ್ತದೆ. “ಎಲ್ಲಿದೀರಾ?” “ಸಿಲ್ಕ್ ಬೋರ್ಡ್ ದಾಟ್ದೆ ಕಣೆ, ಫುಲ್ ಜಾಮು.” “ಹಿಂದೆ ಯಾರ್ರೀ ಅದು ಸಪ್ಲೈಯರ್ರು?” ಹೊಗೆಯಿದ್ದಲ್ಲಿ ಬೆಂಕಿಯೆಂದು ಪ್ರಾಚೀನ ತಾರ್ಕಿಕರು ಸಾಧಿಸಿದರು, ಸ್ಟೀಲ್ ಲೋಟ ತುಂಬಿದ ಟ್ರೇ ಇದ್ದಲ್ಲಿ ದರ್ಶಿನಿಯೆಂದು ಗೃಹಿಣಿ ಸಾಧಿಸುತ್ತಾಳೆ. ಆಮೇಲಿನ “ಲೊಕೇಶನ್ ಕಳ್ಸಿ” ಎಂಬ ಮಾತು ಜಿಜ್ಞಾಸೆಯಲ್ಲ, ತೀರ್ಪು.

ಘೋಷಿತಸ್ಥಾನದ ಮೂಲನಿಯಮಕ್ಕೆ ‘ಕೇವಲ ನ್ಯಾಯ’ವೆಂದು ಹೆಸರು. ಕರ್ನಾಟಕದ ಯಾವ ಬೆಟ್ಟ, ಹೊಳೆ, ಪಾಳು ಕೋಟೆಯೂ ತನ್ನಷ್ಟಕ್ಕೆ ತಾನು ಎಲ್ಲೂ ಇರುವುದಿಲ್ಲ. ಅದು ‘ಬೆಂಗಳೂರಿಂದ ಕೇವಲ’ ಇಷ್ಟು ಕಿಲೋಮೀಟರಿನಲ್ಲಿ ಇರುತ್ತದೆ. ಇದಕ್ಕೆ ಐತಿಹಾಸಿಕ ಆಧಾರವೂ ಇದೆ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಸರಪಳಿ ಎಳೆದು ಆಧಾರರೇಖೆ ಅಳೆದದ್ದು ಬೆಂಗಳೂರಿನ ಹತ್ತಿರವೇ. ಆತ ಪ್ರತಿಯೊಂದು ಅಳತೆಯನ್ನೂ ಮತ್ತೆ ಮತ್ತೆ ತಾಳೆ ನೋಡುತ್ತಿದ್ದ, ಹಾಗಾಗಿ ‘ಕೇವಲ’ ಎನ್ನುವ ಧೈರ್ಯ ಅವನಿಗೆ ಬರಲಿಲ್ಲ. ನೆಲಮಂಗಲ ಟೋಲಿನಲ್ಲಿ ಕಳೆಯುವ ಹೊತ್ತು ಕಿಲೋಮೀಟರಿನ ಲೆಕ್ಕಕ್ಕೆ ಸೇರುವುದಿಲ್ಲವೆಂಬುದು ಈ ನ್ಯಾಯದ ಉಪನಿಯಮ.

ಎರಡನೆಯದು ‘ಗುಪ್ತ ಜಲಪಾತ ನ್ಯಾಯ’. “ನಮಸ್ಕಾರ ಸ್ನೇಹಿತರೇ, ಇದು ಯಾರಿಗೂ ಗೊತ್ತಿಲ್ಲದ ಜಾಗ” ಎಂದು ಲಕ್ಷ ಜನರಿಗೆ ಹೇಳುವುದು ಇದರ ಲಕ್ಷಣ. ಜಾಗದ ಹೆಸರು ಕೂಡಲೇ ಹೇಳಬಾರದು. ಲೊಕೇಶನ್ ಬೇಕಿದ್ದರೆ ವಿಡಿಯೋ ಕೊನೆಯವರೆಗೂ ನೋಡಬೇಕು. ಪರಿಣಾಮವನ್ನು ಮೂಡಿಗೆರೆ ಕಡೆಯ ಯಾವುದಾದರೂ ಕಾಫಿ ತೋಟದ ಗೇಟಿನಲ್ಲಿ ಭಾನುವಾರ ಬೆಳಿಗ್ಗೆ ಪರೀಕ್ಷಿಸಬಹುದು. ರೈಟರು ಕೊಡೆ ಊರಿಕೊಂಡು ನಿಂತಿದ್ದಾರೆ. ಎದುರಿಗೆ ನಾಲ್ಕು ಬೈಕು.

“ಸಾರ್, ಹಿಡನ್ ಫಾಲ್ಸ್ ಇದೇ ದಾರೀನಾ?”

“ಎಂಥ ಫಾಲ್ಸು? ಅದು ನಮ್ಮ ತೋಟದ ಕೆರೆ ಕೋಡಿ ಮಾರಾಯ್ರೆ.”

“ಮ್ಯಾಪಲ್ಲಿ ಫಾಲ್ಸ್ ಅಂತಾನೇ ಇದೆ ಸಾರ್. ಫೋರ್ ಪಾಯಿಂಟ್ ಸಿಕ್ಸ್ ರೇಟಿಂಗು.”

ಕೋಡಿ ಬೀಳುವುದು ಮಳೆಗಾಲದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಅಲ್ಲಿರುವುದು ಪಾಚಿ ಹಿಡಿದ ಕಲ್ಲು, ಚಿಪ್ಸಿನ ಖಾಲಿ ಪೊಟ್ಟಣ ಮತ್ತು ಅದೇ ಜಾಗದ ವಿಡಿಯೋ ತೆಗೆಯುತ್ತಿರುವ ಇನ್ನೊಂದು ಗುಂಪು. ವಿಡಿಯೋಗೆ ಅಂಟಿಸಿದ ಸ್ಥಳವನ್ನು ಕೀಳಬಹುದು. ಸ್ಥಳಕ್ಕೆ ಅಂಟಿಕೊಂಡ ವಿಡಿಯೋವನ್ನು ಕೀಳುವ ಉಪಾಯ ಯಾವ ಸೆಟ್ಟಿಂಗ್ಸಿನಲ್ಲೂ ಇಲ್ಲ.

ಮೂರೂ ಸ್ಥಾನಗಳು ಕೂಡಿಬಂದ ಅಪರೂಪದ ಪ್ರಸಂಗ 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದಲ್ಲಿ ನಡೆಯಿತು. ಕಿಕ್ಕಿರಿದು ಬಂದ ಚಾರಣಿಗರೆಲ್ಲರೂ ಇದ್ದದ್ದು ಅಲ್ಲೇ, ಮೊಬೈಲು ಬರೆದದ್ದೂ ಅಲ್ಲೇ ಎಂದು, ಜಗತ್ತಿಗೆ ಸಾರಿದ್ದೂ ಅದನ್ನೇ. ಆದರೆ ಹರಿದಾಡಿದ ವಿಡಿಯೋಗಳಲ್ಲಿ ಪರ್ವತದ ಪಾಲು ಕಡಿಮೆ, ಮುಂದಿನವನ ಬೆನ್ನಿನ ಬ್ಯಾಗಿನ ಪಾಲು ಹೆಚ್ಚು. ಕೂಡಲೇ ಅರಣ್ಯ ಇಲಾಖೆ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಪಥಗಳಿಗೆ ತಾತ್ಕಾಲಿಕ ತಡೆ ಹಾಕಿತು. ಕುಮಾರಪರ್ವತದ ದಾರಿಯ ಭಟ್ಟರ ಮನೆ ಮಾತ್ರ ಯಾವ ಪಿನ್ನೂ ಇಲ್ಲದ ಕಾಲದಿಂದಲೂ ಚಾರಣಿಗರಿಗೆ ಗೊತ್ತು. ಹೋಗಿ ಉಂಡು ಬಂದವರು ಹೋಗುವವರಿಗೆ ಬಾಯಲ್ಲಿ ಹೇಳಿದ್ದರು, ಅನ್ನ ಸಾರು ಸಿಗುತ್ತದೆ ಎಂದು. ಆ ಘೋಷಣೆಯಲ್ಲಿ ದಶಾಂಶ ಇರಲಿಲ್ಲ, ಯಾರೂ ದಾರಿ ತಪ್ಪಿ ಹಸಿದು ಬಂದದ್ದನ್ನು ನಾನು ಕೇಳಿಲ್ಲ.

ಬಗೆಹರಿಯದ ಪ್ರಶ್ನೆ ಡ್ರೋನಿನದು. ಕೆಲವು ಡ್ರೋನುಗಳು ಪ್ರತಿ ಫ್ರೇಮಿನ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಪಕ್ಕದ ಸಬ್‌ಟೈಟಲ್ ಫೈಲಿನಲ್ಲಿ ತಪ್ಪದೆ ಬರೆಯುತ್ತವೆ. ಕಣ್ಣು ಮೋಡದಲ್ಲಿದೆ, ಕಡತವೂ ಮೋಡದಲ್ಲಿದೆ. ಹಾರಿಸಿದವನು ಕೆಳಗೆ ಚಹದಂಗಡಿಯ ಬೆಂಚಿನ ಮೇಲೆ ಬಜ್ಜಿ ತಿನ್ನುತ್ತಿದ್ದಾನೆ. ವಿಡಿಯೋದ ಕಾಯಸ್ಥಾನ ಯಾವುದು, ಮೋಡವೋ ಬೆಂಚೋ? ಈ ಕುರಿತು ಕ್ಷೇತ್ರಕಾರ್ಯ ಮಾಡಲು ಒಬ್ಬ ಸಂಶೋಧನಾರ್ಥಿ ಬೇಕಾಗಿದ್ದಾನೆ. ಸ್ವಂತ ಬೈಕು ಮತ್ತು ಪವರ್ ಬ್ಯಾಂಕ್ ಇರಬೇಕು. ಬಜ್ಜಿಯ ಖರ್ಚನ್ನು ರಸೀದಿ ತೋರಿಸಿದರೆ ಕೊಡಲಾಗುವುದು. ಬೆಂಗಳೂರಿಂದ ಕೇವಲ 60 ಕಿಲೋಮೀಟರಿನೊಳಗೆ ತಿಂದದ್ದಾಗಿರಬೇಕು.