ವೈದ್ಯಸನ್ನಿಧಿಯಲ್ಲಿ ಸತ್ಯದ ಸೋರಿಕೆ: ಮೂರು ತಾಲ್ಲೂಕುಗಳ ತೌಲನಿಕ ಅಧ್ಯಯನ

ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂತ ಮನುಷ್ಯ ನಿಜ ಹೇಳುವುದಿಲ್ಲವೇಕೆ ಎಂಬ ಪ್ರಶ್ನೆಗೆ ಪೂರ್ವಸೂರಿಗಳು ‘ಹೆದರಿಕೆ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಪ್ರಬಂಧವು ಇದನ್ನು ಸವಿನಯವಾಗಿ ಖಂಡಿಸಿ, ಸತ್ಯವು ದಾರಿಯಲ್ಲೇ ಸೋರಿಹೋಗುತ್ತದೆಂದು ಪ್ರತಿಪಾದಿಸುತ್ತದೆ.

ಹನೂರಿನಲ್ಲಿ ಬಸ್ಸು ಹತ್ತುವ ಸಕ್ಕರೆ ಕಾಯಿಲೆಯವನನ್ನು ಗಮನಿಸಿ. ಪಕ್ಕದ ಸೀಟಿನವನಿಗೆ ಆತ ಎಲ್ಲವನ್ನೂ ಒಪ್ಪಿಸುತ್ತಾನೆ: ಮಾತ್ರೆ ಬಿಟ್ಟು ತಿಂಗಳಾದದ್ದು, ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಮತ್ತೆ ಮತ್ತೆ ಬಡಿಸಿಕೊಂಡದ್ದು, ಕಾಲಿನ ಹುಣ್ಣಿಗೆ ಯಾರೋ ಹೇಳಿದ ಸೊಪ್ಪು ಅರೆದು ಕಟ್ಟಿದ್ದು. ಕಾಮಗೆರೆಯಲ್ಲಿ ಸೊಪ್ಪು ಇಳಿದುಹೋಗುತ್ತದೆ. ಮಧುವನಹಳ್ಳಿಯಲ್ಲಿ ಪಂಕ್ತಿಸೇವೆ. ಮಿಕ್ಕದ್ದೆಲ್ಲ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ. ಡಾಕ್ಟರ ಮುಂದೆ ಕೂರುವುದು ಬರಿಯ ದೇಹ.

‘ಮಾತ್ರೆ ನುಂಗ್ತಿದ್ದೀಯೇನಪ್ಪ?’

‘ಊ ಸಾ, ದಿನಾವ.’

‘ಊಟ?’

‘ಬರೀ ಮುದ್ದೆ, ಉಪ್ಸಾರು ಸಾ.’

ಇದನ್ನು ಸುಳ್ಳೆನ್ನಲಾಗದು. ಮಾದಪ್ಪನ ವಾರವಾದ ಸೋಮವಾರ ಆತ ಉಂಡದ್ದು ಅದನ್ನೇ. ಉಳಿದ ಆರು ದಿನಗಳು ಪ್ರಶ್ನೆಯ ವ್ಯಾಪ್ತಿಗೆ ಬಾರವು.

ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುದೇ ಈ ಸೋರಿಕೆಗೆ ಮೂಲವೆಂಬ ವಾದವೊಂದುಂಟು (ವಾದಿಸುವವನು ನಾನೊಬ್ಬನೇ). ಆದರೆ ಮೈಸೂರು ಸೀಮೆಯಲ್ಲೇ ಇದ್ದು, 1807ರಲ್ಲಿ ಲೆಕ್ಕಕ್ಕೆ ಹೆಸರಾದ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರಿನಲ್ಲೂ ಬೀಡಿಯ ಲೆಕ್ಕ ತಾಳೆಯಾಗದಿರುವುದರಿಂದ ವಾದ ಬಿದ್ದುಹೋಗುತ್ತದೆ. ಕಟ್ಟುಗಟ್ಟಲೆ ಸೇದುವವನು ‘ಎರಡು’ ಎನ್ನುತ್ತಾನೆ. ಡಾಕ್ಟರು ಅದನ್ನು ಹತ್ತರಿಂದ ಗುಣಿಸಿಕೊಂಡು ಗದರುತ್ತಾರೆ. ನಿಜಕ್ಕೂ ಎರಡೇ ಸೇದುವ ಬಡಪಾಯಿಗೂ ಇಪ್ಪತ್ತು ಬೀಡಿಯ ಬೈಗುಳ. ಮುಂದಿನ ಸಲ ಅವನೂ ‘ಬುಟ್‌ಬುಟ್ಟೆ ಸಾ’ ಎನ್ನುವುದನ್ನು ಕಲಿಯುತ್ತಾನೆ. ಗುಣಾಕಾರವೇ ಭಾಗಾಕಾರವನ್ನು ಹುಟ್ಟಿಸುತ್ತದೆಂಬ ಈ ಸೂತ್ರವನ್ನು ಗಣಿತಜ್ಞರು ಇನ್ನೂ ಗಮನಿಸಿದಂತಿಲ್ಲ.

ಹೀಗೆ ಬಾಯಿಯನ್ನು ನಂಬದ ಶಾಸ್ತ್ರವು ರಕ್ತವನ್ನು ಸಾಕ್ಷಿಗೆ ಕರೆಯಿತು. ಪರೀಕ್ಷೆಗೆ ಮುಂಚಿನ ಎರಡು ದಿನ ಹೊಟ್ಟೆ ಕಟ್ಟಿ ಸಕ್ಕರೆ ಇಳಿಸಿಕೊಂಡು ಬರುವ ಜಾಣ್ಮೆಗೆ ಎಚ್‌ಬಿಎ1ಸಿ ಎಂಬ ಚಾಡಿಕೋರ ಪರೀಕ್ಷೆ ಬಗ್ಗುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ, ಎರಡು ಮೂರು ತಿಂಗಳ ಸಕ್ಕರೆಯ ಸಂಗತಿಯನ್ನು ಅದು ಒಟ್ಟಿಗೆ ಒದರಿಬಿಡುತ್ತದೆ.

ಬಿಳಿಗಿರಿರಂಗನ ಬೆಟ್ಟ ಹತ್ತಿದೊಡನೆ ಈ ಸಾಕ್ಷಿಯೂ ತಿರುಗಿಬೀಳುತ್ತದೆ. ಅಲ್ಲಿನ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಉಂಟು. ಅದಿರುವವರ ರಕ್ತಕಣಗಳು ಬೇಗ ಸಾಯುತ್ತವೆ. ಚಾಡಿ ಹೇಳಲು ಅವಕ್ಕೆ ಆಯುಸ್ಸು ಸಾಲದೆ, ಸಕ್ಕರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಯಂತ್ರ ಸುಳ್ಳಾಡಿದಾಗ ಡಾಕ್ಟರು ಬಾಯಿ ಬಿಟ್ಟು, ‘ನಿಮ್ಮ ಮನೇಲಿ ಯಾರಿಗಾದ್ರೂ ರಕ್ತದ ಕಾಯಿಲೆ ಇತ್ತಾ?’ ಎಂದು ಕೇಳಬೇಕು, ರೋಗಿ ಹೇಳಬೇಕು.

1981ರಲ್ಲಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಸೋಲಿಗರ ಪೋಡುಗಳಿಗೆ ತಾವೇ ಹೋಗುತ್ತಿದ್ದರು. ನಮ್ಮ ಸಿದ್ಧಾಂತಕ್ಕೆ ಇದು ಭಾರಿ ಪೆಟ್ಟು: ರೋಗಿ ಬಸ್ಸು ಹತ್ತುವುದೇ ಇಲ್ಲ, ಸತ್ಯ ಇಳಿಯಲು ಸ್ಟಾಪೂ ಇಲ್ಲ. ಈ ಅಪವಾದವನ್ನು ಅಡಿಟಿಪ್ಪಣಿಗೆ ತಳ್ಳಬೇಕೆಂದು ಮಾರ್ಗದರ್ಶಕರು ಸೂಚಿಸಿದ್ದಾರೆ.