ಸತ್ವವಿಲ್ಲದ ಗಡ್ಡೆಪಲ್ಯ ಮಾಡುವ ವಿಧಾನ

ಆಲೂಗಡ್ಡಿ, ಗಜ್ಜರಿ, ಗೆಣಸು ಕುದಿಸಿ ಕಿವುಚಿ ರೊಟ್ಟಿ ಪಕ್ಕಕ್ಕಿಡುವುದು ಯಾರಿಗೂ ಬರುತ್ತದೆ. ಅದರೊಳಗಿನ ಸತ್ವ ಚೂರೂ ಉಳಿಯದಂತೆ ತೆಗೆಯಲು ಕಲಿಯಿರಿ. ದೇವಸುಗೂರಿನವರಿಗೆ ಇದು ಕಷ್ಟವಲ್ಲ. ಪಕ್ಕದ ಶಕ್ತಿನಗರದ 1,720 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ಕೃಷ್ಣೆಯ ನೀರು ಕಾಯಿಸಿ ಶಕ್ತಿ ತೆಗೆಯುತ್ತದೆ. ನೀವು ಅದೇ ನೀರು ಕಾಯಿಸಿ ಶಕ್ತಿಯನ್ನು ಮೋರಿಗೆ ಬಿಡಿ.

1. ಸಂತೆಯಲ್ಲಿ ಹಸಿರು ತಿರುಗಿದ ಆಲೂಗಡ್ಡಿ ಆರಿಸಬೇಡಿ. ಅದರ ಸೊಲನಿನ್ ವಿಷ ಕುದಿಸಿದರೂ ಹೋಗುವುದಿಲ್ಲ. ಬೀಗರು ವಾಂತಿ ಮಾಡಿಕೊಂಡರೆ ಸಿಕ್ಕಿಬೀಳುತ್ತೀರಿ. ಯಾರಿಗೂ ಗೊತ್ತಾಗದ ನಷ್ಟವೇ ನಮ್ಮ ಗುರಿ.

2. ಸಿಪ್ಪೆಯನ್ನು ದಪ್ಪಗೆ ಹೆರೆಯಿರಿ. ಸಣ್ಣಗೆ ಹೆಚ್ಚಿ, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ನೂರು ಗ್ರಾಂ ಹಸಿ ಆಲೂಗಡ್ಡಿಯಲ್ಲಿ ಸುಮಾರು 20 ಮಿಲಿಗ್ರಾಂ ಸಿ ಜೀವಸತ್ವವಿದೆ. ಅದೂ ಪೊಟ್ಯಾಸಿಯಂ ಕೂಡ ನೀರಿಗಿಳಿಯುವ ಜಾತಿ. ದಾರಿ ಮಾಡಿಕೊಡಿ.

3. ದೊಡ್ಡ ಪಾತ್ರೆ, ತುಂಬ ನೀರು, ಮುಚ್ಚಳ ಬೇಡ. ಚಿಟಿಕೆ ಅಡುಗೆ ಸೋಡಾ ಹಾಕಿ. ಅಳಿದುಳಿದ ಸಿ ಮತ್ತು ಬಿ1 ಅದರಿಂದ ಹಾಳಾಗುತ್ತವೆ. ಬಸಿದು ಚೆಲ್ಲಿ. ಸಿಪ್ಪೆಯನ್ನು ಎಮ್ಮೆಗೂ ಹಾಕಬೇಡಿ. ಅದು ಮೈತುಂಬಿಕೊಂಡರೆ ಓಣಿಯವರು ಕಾರಣ ಕೇಳುತ್ತಾರೆ.

4. ಇಲ್ಲಿ ಹುಷಾರು. ಗಜ್ಜರಿ ಕಿವುಚಿದಾಗ ಅದರ ಕೋಶ ಒಡೆದು ಕ್ಯಾರೊಟಿನ್ ಹೊರಬೀಳುತ್ತದೆ, ಎಣ್ಣೆ ಜೊತೆಯಾದರೆ ಮೈಗೆ ಹತ್ತುತ್ತದೆ. ಆದ್ದರಿಂದ ಒಗ್ಗರಣೆ ಕೊಡಬೇಡಿ. ಕೇಳಿದವರಿಗೆ ‘ಡಾಕ್ಟರು ಬೇಡ ಅಂದಾರ’ ಅನ್ನಿ. ಆಲೂಗಡ್ಡಿಯನ್ನು ಕೈಯಲ್ಲಿ ಕಿವುಚದೆ ಮಿಕ್ಸಿಗೆ ಹಾಕಿ. ಪಿಷ್ಟ ಬಿಟ್ಟುಕೊಂಡು ಅಂಟಾಗುತ್ತದೆ. ಮಿಕ್ಕಿದ್ದರಲ್ಲಿ ಮಕ್ಕಳ ಪುಸ್ತಕದ ರಟ್ಟು ಅಂಟಿಸಿ.

5. ಬಿಸಿಯಿದ್ದಾಗಲೇ ಬಡಿಸಿ. ಆರಿದರೆ ಪಿಷ್ಟದ ಒಂದಂಶ ಬೇಗ ಜೀರ್ಣವಾಗದೆ, ರಕ್ತದ ಸಕ್ಕರೆ ನಿಧಾನಕ್ಕೆ ಏರುವ ಅಪಾಯವಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಒಂದೇ ತುತ್ತಿನಲ್ಲಿ ನಿಮ್ಮ ಶ್ರಮ ನೀರುಪಾಲು. ಬಿಳಿ ಅನ್ನ ಬಡಿಸಿ.

6. ಅತ್ತೆ ಅಡುಗೆಮನೆಗೆ ಬಂದು, ‘ಸಿಪ್ಪಿ ಸಮೇತ ಕುದಿಸವ್ವ, ಬಸದ ನೀರು ಸಾರಿಗಿ ಹಾಕು’ ಅಂದರೆ ವಾದಕ್ಕಿಳಿಯಬೇಡಿ. ಕೈಗೆ ಕಾಯಿ, ಕರ್ಪೂರ ಕೊಟ್ಟು ಸೂಗೂರೇಶ್ವರನ ದರ್ಶನಕ್ಕೆ ಕಳಿಸಿ. ಜಾತ್ರೆಯ ದಿನವಾದರೆ ಇನ್ನೂ ಒಳ್ಳೆಯದು. ಅವರು ತಿರುಗಿ ಬರುವುದರೊಳಗೆ ಪಾತ್ರೆ ತೊಳೆದು ಬೋರಲು ಹಾಕಿರಿ.