ಪಾದನಿಗ್ರಹ ಪ್ರಕರಣ: ಕಾಟನ್‌ಪೇಟೆಯಲ್ಲಿ ಹಳೆಯ ಜಾವಾ ಸವಾರಿಯ ಶಾಸ್ತ್ರವಿಚಾರ

ಮೋಟಾರ್‌ಸೈಕಲ್ ಪಂದ್ಯವೆಂದರೆ ಯಾರು ಮೊದಲು ತಲುಪುತ್ತಾರೆ ಎಂಬುದಷ್ಟೇ ಎಂದು ಪಾಮರರು ತಿಳಿದಿದ್ದಾರೆ. ಟ್ರಯಲ್ಸ್ ಎಂಬ ಕ್ರೀಡೆ ಈ ಅಜ್ಞಾನಕ್ಕೆ ಮದ್ದು. ಬಂಡೆ, ತೊರೆ, ಕೆಸರು, ಮರದ ಬೇರುಗಳ ನಡುವೆ ಗುರುತು ಹಾಕಿದ ಜಾಡಿನಲ್ಲಿ ಸವಾರನು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ನೆಲಕ್ಕೆ ಕಾಲು ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ ದಂಡ, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ಊರಿದರೂ ಮೂರು. ಬಿದ್ದರೆ, ಗಡಿ ದಾಟಿದರೆ, ಕಾಲೂರಿದಾಗ ಎಂಜಿನ್ ಆಫ್ ಆದರೆ ಐದು. ಅತಿ ಕಡಿಮೆ ಅಂಕ ಬಂದವನೇ ಗೆದ್ದವನು. ಎಸ್ಸೆಸ್ಸೆಲ್ಸಿಯಲ್ಲಿ ಈ ಪದ್ಧತಿ ಇದ್ದಿದ್ದರೆ ನಮ್ಮ ಬೀದಿಯ ಎಷ್ಟೋ ಪ್ರತಿಭೆಗಳು ಪೇಪರಿನಲ್ಲಿ ಫೋಟೋ ಸಮೇತ ಬರುತ್ತಿದ್ದವು.

ಈ ವಿದ್ಯೆ ಬ್ರಿಟಿಷರದು ಎಂಬುದು ಪೂರ್ವಪಕ್ಷ. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಲಿನ ಮೂಲ 1909ಕ್ಕೆ ಹೋಗುತ್ತದೆ ಎಂದು ಅವರು ಆಧಾರವನ್ನೂ ಕೊಡುತ್ತಾರೆ. ಆದರೆ ಆ ಜನ ಅಡಚಣೆಗಳನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಾರೆ. ಅಡಚಣೆಯನ್ನು ಹುಡುಕಿಕೊಂಡು ಹೋಗಬೇಕಾದವರು ಅದರಲ್ಲಿ ಪಾರಂಗತರಾಗುವುದು ಹೇಗೆ? ಬೆಂಗಳೂರಿನ ಕಾಟನ್‌ಪೇಟೆಯಲ್ಲಿ, ಅಂದರೆ ಹಳಬರ ಅರಳೆಪೇಟೆಯಲ್ಲಿ, ಅಡಚಣೆಗಳೇ ಸವಾರನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರುತ್ತವೆ. ಕೆಂಪೇಗೌಡರು 1537ರಲ್ಲಿ ಚಿಕ್ಕಪೇಟೆ, ದೊಡ್ಡಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಕಟ್ಟಿ ನೇಗಿಲು ಹೊಡೆಸಿದರೆಂಬ ಕಥೆ ಎಲ್ಲರಿಗೂ ಗೊತ್ತು. ಆ ಎತ್ತುಗಳು ನೆಟ್ಟಗೆ ನಡೆದವು. ಕಾಟನ್‌ಪೇಟೆಯ ಅಡ್ಡರಸ್ತೆಗಳನ್ನು ನೋಡಿದರೆ ಐದನೆಯ ಜೋಡಿಯೂ ಒಂದಿತ್ತು, ಅದನ್ನು ಹೊಡೆದವನಿಗೆ ರಾತ್ರಿ ನಿದ್ದೆಯಾಗಿರಲಿಲ್ಲ ಎಂದು ಊಹಿಸದೆ ಗತಿಯಿಲ್ಲ. ಆದ್ದರಿಂದ ಟ್ರಯಲ್ಸಿನ ಮೂಲಸ್ಥಾನ ಇದೇ ಎಂಬುದು ಸಿದ್ಧಾಂತ. ಆಗ ಮೋಟಾರ್‌ಸೈಕಲ್ ಇರಲಿಲ್ಲ ಎಂಬ ಆಕ್ಷೇಪ ಕ್ಷುಲ್ಲಕ. ಜಾಡು ಮೊದಲು, ವಾಹನ ಆಮೇಲೆ.

ವಾಹನ ಯಾವುದೆಂಬಲ್ಲಿ ಪಂಥಭೇದವಿದೆ. ಬುಲೆಟ್‌ಪಂಥದವರ ವಾದ ತೆಗೆದುಹಾಕುವಂಥದ್ದಲ್ಲ. ಹಿಂದಿನ ಚಕ್ರಕ್ಕೆ ಸ್ವಿಂಗ್‌ಆರ್ಮ್ ಇದ್ದ ಬುಲೆಟ್ 1948ರಲ್ಲಿ ಮೊದಲು ಲೋಕಕ್ಕೆ ಮುಖ ತೋರಿಸಿದ್ದೇ ಕೋಲ್ಮೋರ್ ಕಪ್ ಎಂಬ ಟ್ರಯಲ್ಸಿನಲ್ಲಿ. ಜಾನಿ ಬ್ರಿಟನ್ ಎಂಬಾತ 1952ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳನ್ನು ಗೆದ್ದಿದ್ದು ಬುಲೆಟ್ ಮೇಲೆ. 2019ರಲ್ಲಿ ಕಂಪನಿಯು ಟ್ರಯಲ್ಸ್ ಎಂಬ ಹೆಸರಿಟ್ಟೇ ಒಂದು ಬುಲೆಟ್ ಮಾರಿತು. ಕೊಂಡವರಲ್ಲಿ ಎಷ್ಟು ಜನ ಕಲ್ಲುಬಂಡೆ ಹತ್ತಿಸಿದರೆಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ಆದರೆ ಬುಲೆಟ್‌ಪಂಥದ ಅಂತ್ಯವೂ ಅದೇ ಸ್ಕಾಟ್ಲೆಂಡಿನಲ್ಲಾಯಿತು. ಸ್ಯಾಮಿ ಮಿಲ್ಲರ್ ಎಂಬ ಮಹಾನುಭಾವ 500 ಸಿಸಿಯ ಏರಿಯಲ್ ಫೋರ್ ಸ್ಟ್ರೋಕನ್ನು ಬಿಟ್ಟು ಸ್ಪೇನಿನ ಬುಲ್ಟಾಕೊ ಸೇರಿ, 1965ರಲ್ಲಿ ಟು ಸ್ಟ್ರೋಕ್ ಗಾಡಿಯಲ್ಲಿ ಗೆದ್ದ. ಅಲ್ಲಿಂದ ಮುಂದೆ ಭಾರಿ ಫೋರ್ ಸ್ಟ್ರೋಕುಗಳ ಯುಗ ಮುಗಿಯಿತು. ಇಷ್ಟನ್ನು ತಿಳಿಯಲು ಪಾಶ್ಚಾತ್ಯರು 1965ರವರೆಗೆ ಕಾಯಬೇಕಾಯಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿ, ಅಲ್ಲಿಂದ 250 ಸಿಸಿಯ ಟು ಸ್ಟ್ರೋಕ್ ಗಾಡಿಗಳು ಹೊರಬೀಳತೊಡಗಿದ್ದು 1961ರಲ್ಲೇ. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಬೀಗ ಕಾರ್ಖಾನೆಗೆ ಮಾತ್ರ. ಗಾಡಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇನ್ನು ಪರಿಪಾಲನೆ. ಈ ಶಾಸ್ತ್ರದ ಹೃದಯಭಾಗವೇ ಇದಾದ್ದರಿಂದ ತುಸು ಸಾವಧಾನವಾಗಿ ಹೇಳುತ್ತೇವೆ. ಹಳೆಯ ಜಾವಾದ ಇಗ್ನಿಷನ್ ಚಾವಿ ಒಂದು ಮೊಳೆಯ ಹಾಗಿರುತ್ತದೆ. ಒಂದು ಗಾಡಿಯ ಚಾವಿ ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತದೆ, ಮೊಳೆಯೂ ಹೋಗುತ್ತದೆ. ಇದರಿಂದ ಕಳ್ಳತನವಾಗುವುದಿಲ್ಲವೇ ಎಂದರೆ, ಚಾವಿ ತಿರುಗಿಸುವುದಕ್ಕೂ ಗಾಡಿ ಸ್ಟಾರ್ಟ್ ಆಗುವುದಕ್ಕೂ ಕಾರ್ಯಕಾರಣ ಸಂಬಂಧ ತೀರ ದುರ್ಬಲವಾದದ್ದು. ಗೇರ್ ಲಿವರೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಎಡಗಾಲಲ್ಲಿ ಹೊಡೆಯಬೇಕು. ಅಭ್ಯಾಸವಿಲ್ಲದ ಕಳ್ಳ ಬಲಗಡೆ ಕಿಕ್ಕರ್ ಹುಡುಕುತ್ತಿರುವಾಗಲೇ ಬೆಳಗಾಗುತ್ತದೆ.

ಪಾಯಿಂಟ್ ಸೆಟ್ ಮಾಡುವುದು ಎರಡನೆಯ ಸಂಸ್ಕಾರ. ಪಾಯಿಂಟುಗಳ ನಡುವಿನ ಸಂದು 0.4 ಮಿ.ಮೀ. ಆಸುಪಾಸು ಇರಬೇಕು. ಫೀಲರ್ ಗೇಜ್ ಇರುವ ಮೆಕ್ಯಾನಿಕ್‌ಗಳು ಅದನ್ನು ಡಬ್ಬಿಯಲ್ಲೇ ಇಟ್ಟಿರುತ್ತಾರೆ. ಪಕ್ಕದಲ್ಲೇ ಲಗ್ನಪತ್ರಿಕೆ ಅಂಗಡಿಗಳ ಸುಲ್ತಾನ್‌ಪೇಟೆ ಇರುವಾಗ ಅದನ್ನು ತೆಗೆಯುವ ಅಗತ್ಯವೇನು? ಯಾರದೋ ಲಗ್ನಪತ್ರಿಕೆಯ ಅಂಚನ್ನು ಹರಿದು ಸಂದಿನಲ್ಲಿ ತೂರಿಸಿ, ಸ್ಕ್ರೂ ಬಿಗಿ ಮಾಡಿ, ಪತ್ರಿಕೆಯನ್ನು ಮೆಲ್ಲಗೆ ಎಳೆಯುತ್ತಾರೆ. ಬಿಗಿಯಾಗಿ ಹಿಡಿದೂ ಹಿಡಿಯದಂತೆ ಜಾರಿ ಬಂದರೆ ಸೆಟ್ಟಿಂಗ್ ಸರಿ. ಸಾದಾ ಪತ್ರಿಕೆಗೂ ಚಿನ್ನದ ಬಣ್ಣ ಹಚ್ಚಿದ ಶ್ರೀಮಂತರ ಪತ್ರಿಕೆಗೂ ದಪ್ಪದಲ್ಲಿ ಅಂತರವಿರುವುದರಿಂದ ಗಾಡಿಯ ಟೈಮಿಂಗ್ ಆಯಾ ಮುಹೂರ್ತದ ಕಾಲದಲ್ಲಿ ಯಾವ ಅಂತಸ್ತಿನ ಮದುವೆಗಳಾದವು ಎಂಬುದನ್ನು ಅವಲಂಬಿಸಿದೆ.

ಟೈಮಿಂಗ್ ತಪ್ಪಿದ ಟು ಸ್ಟ್ರೋಕ್ ಎಂಜಿನ್ ಒಮ್ಮೊಮ್ಮೆ ಉಲ್ಟಾ ತಿರುಗಲು ಶುರುಮಾಡುತ್ತದೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ ಬರುತ್ತದೆ. ಮಿಕ್ಕ ಊರಿನವರು ಇದನ್ನು ದೋಷವೆನ್ನುತ್ತಾರೆ. ಎದುರಿನಿಂದ ಗೂಡ್ಸ್ ಆಟೋ ನುಗ್ಗಿದಾಗ ಗಲ್ಲಿಯಲ್ಲಿ ಹಿಂದೆ ಸರಿಯುವ ಅವಸ್ಥೆ ಕಂಡವರು ಯಾರೂ ಹಾಗನ್ನಲಾರರು.

ಬಿಳಿ ಹೊಗೆ ದಟ್ಟವಾಗಿ ಬಂದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ, ಗಾಡಿ ಗೇರ್‌ಬಾಕ್ಸಿನ ಆಯಿಲನ್ನೇ ಕುಡಿಯುತ್ತಿದೆ ಎಂದರ್ಥ. ಹಳೆಯ ಪದ್ಧತಿಯಲ್ಲಿ ಪೆಟ್ರೋಲ್ 25 ಪಾಲಿಗೆ ಆಯಿಲ್ ಒಂದು ಪಾಲು; ಆಯಿಲ್ ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ. ಆಗ ಎರಡೂ ಸೈಲೆನ್ಸರಿನ ಒಳಗಿನ ಕೊಳವೆ ಬಿಚ್ಚಿ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಕು. ಬಿಡಿಭಾಗ ಬೇಕಾದರೆ ಜೆ.ಸಿ. ರೋಡು. ಅಲ್ಲಿ ಸಿಗದಿದ್ದರೆ ಗುಜರಿ. ಅಲ್ಲೂ ಇಲ್ಲದಿದ್ದರೆ ಅದು ನಿಮ್ಮದೇ ಗಾಡಿಯಿಂದ ನಿನ್ನೆ ಬಿದ್ದುಹೋದದ್ದು, ಬಂದ ದಾರಿಯಲ್ಲೇ ಹುಡುಕಬೇಕು.

ಟ್ರಯಲ್ಸ್ ಶಾಸ್ತ್ರದ ಪ್ರಕಾರ ಹಿಂದಿನ ಟೈರಿನಲ್ಲಿ ನಾಲ್ಕೈದು ಪೌಂಡ್ ಗಾಳಿ ಸಾಕು. ಮೆತ್ತಗಿನ ಟೈರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಪಂಚರ್ ಅಂಗಡಿಯಲ್ಲಿ ಈ ತತ್ವ ನಿರೂಪಿಸಲು ಹೊರಟ ಜಿಜ್ಞಾಸುವಿಗೆ ಸಿಗುವ ಉತ್ತರ ಒಂದೇ: "ಪಂಚರ್ ಆಗೈತೆ ಸಾರ್, ಬಿಚ್ಲಾ?"

ಸವಾರಿಗೆ ಬರೋಣ. ಬೆಳಿಗ್ಗೆ ಅಂಗಡಿಗಳ ಷಟರ್ ಏಳುವ ಹೊತ್ತು ಪ್ರಶಸ್ತ. ತವಕ್ಕಲ್ ಮಸ್ತಾನ್ ದರ್ಗಾದ ಬಳಿಯಿಂದ ಹೊರಟು, ಅಕ್ಕಿಪೇಟೆ ಕಡೆಯ ಗಲ್ಲಿಗಳಲ್ಲಿ ನುಸುಳಿ ಮುಖ್ಯರಸ್ತೆಗೆ ಮರಳುವುದು ಜಾಡು. ಕೈಗಾಡಿ, ರಿವರ್ಸ್ ಬರುವ ಟೆಂಪೋ, ಅದಕ್ಕೆ "ಬರ್ಲಿ, ಬರ್ಲಿ" ಎನ್ನುತ್ತ ಬೆನ್ನು ತೋರಿಸಿ ನಿಂತ ಹುಡುಗ, ಮುಚ್ಚಳ ಅರ್ಧ ಜರುಗಿದ ಮ್ಯಾನ್‌ಹೋಲ್, ಎಳನೀರಿನ ಬುರುಡೆ, ಇವು ನೈಸರ್ಗಿಕ ಅಡಚಣೆಗಳು. ಶಾಸ್ತ್ರೋಕ್ತವಾಗಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತರೆ ಎಡಬಲದಿಂದ "ಯಾವ ಅಂಗ್ಡಿ ಬೇಕಿತ್ತು ಸಾರ್?" ಎಂಬ ಪ್ರಶ್ನೆ ಬರುತ್ತದೆ. ತಲೆ ಅಲ್ಲಾಡಿಸಬಾರದು. ತಲೆ ಅಲ್ಲಾಡಿಸಿದರೆ ಬ್ಯಾಲೆನ್ಸ್ ಹೋಗುತ್ತದೆ.

ಇಲ್ಲಿ ಅಹಂಕಾರಕ್ಕೆ ಅವಕಾಶವಿಲ್ಲ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಇವೇ ಪೇಟೆಗಳನ್ನು ಹಾದು ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದೆ. ತಲೆಯ ಮೇಲಿನದಕ್ಕೆ ಕೈ ತಾಗಿಸದೆ ರಾತ್ರಿಯಿಡೀ ಗಲ್ಲಿ ಸುತ್ತುವವರಿರುವ ಊರಿನಲ್ಲಿ, ನೆಲಕ್ಕೆ ಕಾಲು ತಾಗಿಸದೆ ನೂರು ಗಜ ಹೋದೆನೆಂದು ಹೇಳಿಕೊಳ್ಳುವವನಿಗೆ ನಾಚಿಕೆಯಾಗಬೇಕು. ನಮಗಂತೂ ಆಗುತ್ತದೆ.

ಉಳಿದಿರುವುದು ಒಂದೇ ಸಮಸ್ಯೆ: ನೆಲಕ್ಕಲ್ಲದೆ ಬೇರೆಯದಕ್ಕೆ ಕಾಲು ಕೊಟ್ಟರೆ ದಂಡವುಂಟೇ? ಕಲ್ಲಿಗೋ ಮರಕ್ಕೋ ಒರಗಿದರೂ ಒಂದು ಅಂಕ ಎಂದು ಅಂತರರಾಷ್ಟ್ರೀಯ ನಿಯಮ ಖಚಿತವಾಗಿದೆ. ಆದರೆ ಕೈಗಾಡಿಯ ಮೇಲಿನ ಗೋಣಿಮೂಟೆ ಕಲ್ಲೂ ಅಲ್ಲ, ಮರವೂ ಅಲ್ಲ. ಸ್ವತಃ ಚಲಿಸುವ ವಾಹನದ ಭಾಗ. ಇದನ್ನು ಪ್ರಯೋಗದಿಂದ ನಿರ್ಣಯಿಸಲು ನಾವು ಫಸ್ಟ್ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದು, ಬಲಗಾಲನ್ನು ಅಂಥ ಮೂಟೆಯೊಂದರ ಮೇಲಿಟ್ಟೆವು. ಸ್ಕಾಟ್ಲೆಂಡಿನಲ್ಲಿ ಒಂದು ಜಾಡಿಗೆ ಒಬ್ಬನೋ ಇಬ್ಬರೋ ವೀಕ್ಷಕರು ಕಾರ್ಡು ಹಿಡಿದು ನಿಂತಿರುತ್ತಾರೆ. ಇಲ್ಲಿ ಟೀ ಅಂಗಡಿಯಿಂದಲೇ ಹನ್ನೊಂದು ಜನ ಎದ್ದು ಬಂದರು. ಗಾಡಿ ತಳ್ಳುತ್ತಿದ್ದ ಹಮಾಲಿಯ ತೀರ್ಪೇ ಅಂತಿಮವಾಯಿತು.

"ಕಾಲ್ ತೆಗೀರಿ ಸಾರ್, ಒಳ್ಗೆ ಸೀರೆ ಐತೆ. ಗಾಡಿ ಆಫ್ ಮಾಡ್ಕೊಂಡು ಇಳ್ದು ತಳ್ಕೊಂಡ್ ಹೋಗಿ."

ಐದು ಅಂಕ. ಆತ ನಿಯಮಾವಳಿ ಓದಿರಲಿಲ್ಲ.